ಚಕ್ರದ ಆಫ್‌ಸೆಟ್

ಚಕ್ರದ ಆಫ್‌ಸೆಟ್ ಎಂಬುದು ವಾಹನದ ಚಕ್ರದ ಅಗಲದ ನಡುರೇಖೆಗೂ ಆ ಚಕ್ರವು ಹಬ್‌ಗೆ ತಾಗಿ ಕೂರುವ ಮುಖಕ್ಕೂ ಇರುವ ಅಂತರ. ಇದನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ರಿಮ್ಮಿನ ಮೇಲೆ ಈ ಸಂಖ್ಯೆಯ ಹಿಂದೆ ಕಾಣುವ 'ಇ.ಟಿ.' ಎಂಬುದು ಜರ್ಮನ್ ಭಾಷೆಯ 'ಐನ್‌ಪ್ರೆಸ್‌ಟೀಫೆ' ಪದದ ಸಂಕ್ಷಿಪ್ತ ರೂಪ. ಕೂರುವ ಮುಖವು ನಡುರೇಖೆಗಿಂತ ಹೊರಬದಿಗಿದ್ದರೆ ಧನ ಆಫ್‌ಸೆಟ್, ಒಳಬದಿಗಿದ್ದರೆ ಋಣ ಆಫ್‌ಸೆಟ್. ಧನವೆಂದರೆ ಚಕ್ರ ಹೊರಚಾಚುತ್ತದೆ ಎಂದು ಹಲವರು ಭಾವಿಸುವುದುಂಟು. ವಾಸ್ತವ ಇದಕ್ಕೆ ವಿರುದ್ಧ. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಒಳಸರಿಯುತ್ತದೆ. ಮುಂಚಕ್ರ ಚಾಲನೆಯ ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಧನ ಆಫ್‌ಸೆಟ್ ಇರುತ್ತದೆ.

ಅಗಲದೊಡನೆ ಸಂಬಂಧ

ಚಕ್ರದ ಹೊರಮೈ ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ನಿಲ್ಲುವ ಜೋಡಣೆಗೆ 'ಫ್ಲಶ್' ಎಂದು ಹೆಸರು. ಇದನ್ನು ಬಯಸಿ ಅಗಲವಾದ ಅಲಾಯ್ ಚಕ್ರ ಹಾಕಿಸುವವರು ಅಗಲ ಮತ್ತು ಆಫ್‌ಸೆಟ್ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ರಿಮ್ಮಿನ ಅಗಲವನ್ನು ಅಂಗುಲಗಳಲ್ಲಿ ಹೇಳುವುದರಿಂದ ಮೊದಲು 25.4ರಿಂದ ಗುಣಿಸಿ ಮಿ.ಮೀ.ಗೆ ತರಬೇಕಾಗುತ್ತದೆ. ('7 ಜೆ' ಎಂಬಲ್ಲಿನ 'ಜೆ' ಅಳತೆಯಲ್ಲ, ರಿಮ್ಮಿನ ಅಂಚಿನ ಆಕಾರವನ್ನು ಸೂಚಿಸುವ ಅಕ್ಷರ.)

ಕಾರಿನ ಮೂಲ ಚಕ್ರ 6 ಅಂಗುಲ ಅಗಲ, ಆಫ್‌ಸೆಟ್ 45 ಎಂದಿರಲಿ. ಹೊಸದು 7 ಅಂಗುಲ, ಆಫ್‌ಸೆಟ್ 40. ಹೆಚ್ಚಿದ ಒಂದು ಅಂಗುಲವು ಎರಡು ಬದಿಗೂ 12.7 ಮಿ.ಮೀ.ನಂತೆ ಹಂಚಿಹೋಗುತ್ತದೆ. ಆಫ್‌ಸೆಟ್ 5 ಕಡಿಮೆಯಾದುದರಿಂದ ಇಡೀ ಚಕ್ರವು 5 ಮಿ.ಮೀ. ಹೊರಸರಿಯುತ್ತದೆ. ಆದ್ದರಿಂದ ಹೊರ ಅಂಚು 17.7 ಮಿ.ಮೀ. ಹೊರಗೆ ಬರುತ್ತದೆ, ಒಳ ಅಂಚು 7.7 ಮಿ.ಮೀ. ಒಳಗೆ ಹೋಗುತ್ತದೆ. ಆಫ್‌ಸೆಟ್ ಕಡಿಮೆ ಮಾಡಿದರೂ ಒಳಬದಿಯ ಜಾಗ ಕಿರಿದಾದುದನ್ನು ಇಲ್ಲಿ ಗಮನಿಸಬೇಕು. ಅಂಗಡಿಯಲ್ಲಿ ನಿಂತು ನೋಡುವವನಿಗೆ ಕಾಣುವುದು ಹೊರ ಅಂಚು ಮಾತ್ರ. ಟೈರು ಶಾಕ್ ಅಬ್ಸಾರ್ಬರಿಗೆ ಉಜ್ಜುವುದು ಒಳಗಡೆ.

ಹಬ್ ಮತ್ತು ಚಕ್ರದ ನಡುವೆ ಸ್ಪೇಸರ್ ಬಿಲ್ಲೆ ಇಟ್ಟರೆ ಅದರ ದಪ್ಪದಷ್ಟು ಆಫ್‌ಸೆಟ್ ಕಡಿಮೆಯಾದಂತೆಯೇ ಸರಿ.

ಪರಿಣಾಮಗಳು

ಚಕ್ರ ಹೊರಸರಿದಷ್ಟೂ ಹಬ್ಬಿನ ಬೇರಿಂಗಿನ ಮೇಲೆ ಬೀಳುವ ಸನ್ನೆಭಾರ ಹೆಚ್ಚುತ್ತದೆ. ಸ್ಟೀರಿಂಗ್ ತಿರುಗುವ ಅಕ್ಷವು ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ ಬದಲಾಗಿ, ಹಳ್ಳದಿಣ್ಣೆಗಳಲ್ಲಿಯೂ ಬ್ರೇಕ್ ಒತ್ತಿದಾಗಲೂ ಸ್ಟೀರಿಂಗ್ ಒಂದು ಕಡೆಗೆ ಎಳೆಯಬಹುದು. ಖಾಲಿ ಕಾರಿನಲ್ಲಿ ಸರಿಯಾಗಿ ತೋರಿದ ಚಕ್ರವು ಐವರು ಕುಳಿತು ಸಾಮಾನು ತುಂಬಿದಾಗ ಮಡ್‌ಗಾರ್ಡಿಗೆ ತಗುಲಿ ಟೈರನ್ನು ಕೊಯ್ಯುವ ಅಪಾಯವೂ ಇದೆ. ಆದುದರಿಂದ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕಾರಿನಲ್ಲಿ ಭಾರವಿಟ್ಟು, ಒಳಗೂ ಹೊರಗೂ ಉಳಿದ ಜಾಗವನ್ನು ಅಳೆದ ಮೇಲೆಯೇ ಚಕ್ರ ಕೊಳ್ಳುವುದು ಸರಿಯಾದ ಕ್ರಮ. ಬೋಲ್ಟುಗಳ ಅಂತರ ಮತ್ತು ನಡುರಂಧ್ರದ ವ್ಯಾಸ ಹೊಂದುವುದು ಬೇರೆಯೇ ವಿಷಯ. ಅವು ಹೊಂದದಿದ್ದರೆ ಆಫ್‌ಸೆಟ್ಟಿನ ಲೆಕ್ಕವೇ ವ್ಯರ್ಥ.