ನಡುವಣ ವರ್ಷಗಳು

ವ್ಯಸನವನ್ನು ತೊರೆದು ಬಂದವನನ್ನು ಲೋಕ ಮೊದಲು ಕೇಳುವುದು ‘ಇಷ್ಟು ದಿನ ಎಲ್ಲಿದ್ದೆ?’ ಎಂದೇ. ನಾರ್ವೆಯ ಯೋಆಕಿಮ್ ಟ್ರಿಯರ್ 2011ರಲ್ಲಿ ನಿರ್ದೇಶಿಸಿದ ‘ಓಸ್ಲೊ, ಆಗಸ್ಟ್ 31’ ಚಿತ್ರದ ತಿರುಳು ಈ ಪ್ರಶ್ನೆಯಲ್ಲಿದೆ. ಫ್ರೆಂಚ್ ಲೇಖಕ ದ್ರಿಯು ಲಾ ರೊಶೆಲ್‌ನ 1931ರ ಕಾದಂಬರಿ ಅದಕ್ಕೆ ಆಧಾರ. 1963ರಲ್ಲಿ ಲೂಯಿ ಮಾಲ್ ಕೂಡ ಅದನ್ನು ಚಿತ್ರವಾಗಿಸಿದ್ದನು.

ಮೂವತ್ತನಾಲ್ಕರ ಆಂಡರ್ಸ್ ಚಿಕಿತ್ಸಾಲಯದಿಂದ ಒಂದು ದಿನದ ಮಟ್ಟಿಗೆ ನಗರಕ್ಕೆ ಬರುತ್ತಾನೆ. ಪತ್ರಿಕೆಯೊಂದರಲ್ಲಿ ಸಂದರ್ಶನ. ನಡುವಣ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬಂದೊಡನೆ ನಿಜವನ್ನು ನುಡಿದು, ತನ್ನ ಪರಿಚಯಪತ್ರವನ್ನು ಹಿಂದಕ್ಕೆ ಪಡೆದು ಎದ್ದುಹೋಗುತ್ತಾನೆ. ಅವನನ್ನು ಯಾರೂ ಹೊರದೂಡಲಿಲ್ಲ, ನಾಚಿಕೆಯೇ ದೂಡಿತು. ಇರುಳು ಕಳೆಯುವಷ್ಟರಲ್ಲಿ ಮತ್ತೆ ಮಾದಕದ್ರವ್ಯಕ್ಕೆ ಶರಣಾಗುತ್ತಾನೆ.

ಆದರೆ ನನ್ನನ್ನು ಕಲಕಿದವನು ಅವನ ಗೆಳೆಯ ಥಾಮಸ್. ಸಾಹಿತ್ಯ ಬಲ್ಲವನು, ಸಂಸಾರಿ, ಒಳ್ಳೆಯವನು. ಗೆಳೆಯನೆದುರು ಪ್ರೂಸ್ತ್‌ನ ಮಾತನ್ನು ಉದ್ಧರಿಸುತ್ತಾನೆ. ಅಲ್ಲಿ ನನ್ನನ್ನೇ ಕಂಡು ತಲೆತಗ್ಗಿಸಿದೆನು. ಕುಡಿತ ಬಿಟ್ಟು ಮರಳಿದ ಹಳೆಯ ಶಿಷ್ಯನೊಬ್ಬ ಹಿಂದೊಮ್ಮೆ ನನ್ನ ಮನೆಗೆ ಬಂದಿದ್ದನು. ಗಂಟೆ ಹೊತ್ತು ಅವನಿಗೆ ವಚನಗಳ ಅರ್ಥವನ್ನು ವಿವರಿಸಿದೆನು. ಊಟವಾಯಿತೆ ಎಂದು ಕೇಳಲಿಲ್ಲ. ನಾಳೆಯೂ ಬಾ ಎನ್ನಲಿಲ್ಲ.

ಅವನು ಮತ್ತೆ ಬಂದಿಲ್ಲ.