ಹೆರಿಗೆ ರಜೆಯ ಹೊಣೆ ಯಾರದು?

ನಿಮ್ಮ ಮನೆಯ ಮಗಳೋ ಸೊಸೆಯೋ ಕಚೇರಿಗೆ, ಕಾರ್ಖಾನೆಗೆ ಹೋಗಿ ದುಡಿಯುವವಳಾದರೆ, ಹೆರಿಗೆಯ ಕಾಲ ಹತ್ತಿರ ಬಂದಂತೆ ಮೂರು ಪ್ರಶ್ನೆಗಳು ಏಳುತ್ತವೆ. ರಜೆ ಎಷ್ಟು ದಿನ? ಆ ದಿನಗಳಲ್ಲಿ ಸಂಬಳ ಉಂಟೆ? ಬಾಣಂತನ ಮುಗಿಸಿ ಹಿಂದಿರುಗಿದಾಗ ಕೆಲಸ ಉಳಿದಿರುತ್ತದೆಯೆ? ಈ ಮೂರಕ್ಕೂ ಕಾನೂನು ಉತ್ತರ ಕೊಟ್ಟಿದೆ. ಆದರೆ ನಾಲ್ಕನೆಯದೊಂದು ಪ್ರಶ್ನೆ ಇದೆ: ರಜೆಯ ಖರ್ಚು ಯಾರದು?

ಮೊದಲು ಉತ್ತರಗಳನ್ನು ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಅದನ್ನು 26 ವಾರಗಳಿಗೆ ಏರಿಸಿತು. ಈಗಾಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಮಾತ್ರ 12 ವಾರಗಳೇ ಉಳಿದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಲೆಕ್ಕವನ್ನು ಇಟ್ಟುಕೊಂಡಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನವಾದರೂ ಕೆಲಸ ಮಾಡಿದ್ದರೆ ಸಂಬಳಸಹಿತ ರಜೆ ಅವಳ ಹಕ್ಕು. ಆ ರಜೆಯಲ್ಲಿರುವಾಗ, ರಜೆ ಹಾಕಿದಳೆಂಬ ಕಾರಣಕ್ಕಾಗಿ, ಅವಳನ್ನು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಗೃಹವಿರಬೇಕು; ತಾಯಿ ದಿನಕ್ಕೆ 4 ಸಲ ಹೋಗಿ ಕೂಸನ್ನು ನೋಡಿ ಬರಬಹುದು.

ಹಾಗಾದರೆ ದಿನಗೂಲಿಯವರ ಪಾಡೇನು? ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರ ಮೊಕದ್ದಮೆಯಲ್ಲಿ, ಕಾಯಂ ನೌಕರರಿಗಿರುವ ಈ ಸೌಲಭ್ಯ ಅವರಿಗೂ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪಿತ್ತಿತು.

ಇನ್ನು ನಾಲ್ಕನೆಯ ಪ್ರಶ್ನೆ. 26 ವಾರಗಳ ಸಂಬಳವನ್ನು ತಾನೊಬ್ಬನೇ ತೆರಬೇಕಾದರೆ, ಸಣ್ಣ ಕಾರ್ಖಾನೆಯ ಯಜಮಾನ ಏನೆಂದು ಯೋಚಿಸಿಯಾನು? ಹೆಂಗಸರ ಗೊಡವೆಯೇ ಬೇಡ, ಗಂಡಸರನ್ನೇ ಇಟ್ಟುಕೊಂಡರಾಯಿತು ಎಂದಾನು. ಇರುವ ಕೆಲಸವನ್ನು ಕಾನೂನು ಕಾಯಬಲ್ಲದು. ಸಿಕ್ಕದೆಯೇ ಹೋದ ಕೆಲಸವನ್ನು ಕಾಯುವುದು ಕಷ್ಟ.

ಈ ತೊಡಕು ಹೊಸದಲ್ಲ. ಧಾರವಾಡ, ಬೆಳಗಾವಿಗಳೂ ಅಂದು ಸೇರಿದ್ದ ಮುಂಬಯಿ ಪ್ರಾಂತದ ಶಾಸನ ಸಭೆಯಲ್ಲಿ 1928ರಲ್ಲಿ ಹೆರಿಗೆ ಭತ್ಯದ ಮಸೂದೆ ಚರ್ಚೆಗೆ ಬಂದಿತು. ಅದನ್ನು ಬೆಂಬಲಿಸಿದ ಡಾ. ಬಿ. ಆರ್. ಅಂಬೇಡ್ಕರ್, ತಾಯಿಗೆ ವಿಶ್ರಾಂತಿ ದೊರೆಯುವುದು ದೇಶಕ್ಕೇ ಹಿತವಾದುದರಿಂದ ಖರ್ಚಿನ ಬಹುಪಾಲನ್ನು ಸರ್ಕಾರ ಹೊರಬೇಕೆಂದರು. 1929ರಲ್ಲಿ ಕಾಯಿದೆಯೇನೋ ಬಂದಿತು. ಭಾರ ಮಾತ್ರ ಮಾಲೀಕರ ಮೇಲೆಯೇ ಬಿದ್ದಿತು.

ಭಾರವನ್ನು ಹಂಚಿಕೊಳ್ಳುವ ದಾರಿ ನಮ್ಮಲ್ಲಿಯೇ ಇದೆ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವಿಮೆಗೆ ಮಾಲೀಕರೂ, ಹೆಣ್ಣುಗಂಡೆನ್ನದೆ ನೌಕರರೂ ಕಂತು ಕಟ್ಟುತ್ತಾರೆ. ಬಾಣಂತಿಗೆ ಹಣ ಆ ನಿಧಿಯಿಂದ ಬರುತ್ತದೆ. ಆದರೆ ಇದು ಗೊತ್ತಾದ ಸಂಬಳದ ಮಿತಿಯೊಳಗಿನವರಿಗೆ ಮಾತ್ರ. ಸ್ವೀಡನ್ ದೇಶ ಇನ್ನೂ ಮುಂದೆ ಹೋಯಿತು. 1974ರಲ್ಲಿ ತಾಯಿಯ ರಜೆಯನ್ನು ತಂದೆತಾಯಿಗಳಿಬ್ಬರ ರಜೆಯನ್ನಾಗಿ ಮಾಡಿತು. ಇಂದು ಅಲ್ಲಿ ಒಂದು ಮಗುವಿಗೆ 480 ದಿನಗಳ ಭತ್ಯ ಸಾಮಾಜಿಕ ವಿಮೆಯಿಂದ ಸಲ್ಲುತ್ತದೆ. ಅದರಲ್ಲಿ 90 ದಿನ ತಂದೆಗೆ ಮೀಸಲು, 90 ದಿನ ತಾಯಿಗೆ. ಗಂಡಸೂ ರಜೆ ಹಾಕುವನೆಂದಾದ ಮೇಲೆ ಹೆಂಗಸನ್ನು ಮಾತ್ರ ದೂರವಿಡಲು ನೆವವೆಲ್ಲಿ? ನಮ್ಮ ಕೇಂದ್ರ ಸರ್ಕಾರದ ಗಂಡು ನೌಕರರಿಗೆ 15 ದಿನಗಳ ರಜೆಯುಂಟು. 2020ರ ಸಂಹಿತೆಯಲ್ಲಿ ಮಾತ್ರ ತಂದೆಯ ರಜೆಯ ಪ್ರಸ್ತಾಪವಿಲ್ಲ.

ಕಾನೂನು ತಿದ್ದುವವರೆಗೂ ನೀವು ಮಾಡಬಹುದಾದುದು ಇಷ್ಟು: ಕೆಲಸದ ಆದೇಶಪತ್ರವನ್ನು ಜೋಪಾನವಾಗಿಡಿ, ಇ.ಎಸ್.ಐ. ಉಂಟೆ ಎಂದು ವಿಚಾರಿಸಿ. ರಜೆಯ ಅರ್ಜಿಯನ್ನು ಬರಹದಲ್ಲಿಯೇ ಕೊಡಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.