ಶಾಕ್ ಹದ ಮಾಡುವವರು

ರಸ್ತೆಯುಬ್ಬು ಹೇಗಿರಬೇಕು ಎಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಇದೆ, ಐಆರ್‌ಸಿ 99. 3.7 ಮೀಟರ್ ಅಗಲ, ನಟ್ಟನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಮೆಲ್ಲನೆಯ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಮೈ ಕುಲುಕದೆ ದಾಟಬೇಕು ಎಂಬುದು ಲೆಕ್ಕ. ಈಗ ಜಯನಗರದ ಯಾವುದಾದರೂ ಅಡ್ಡರಸ್ತೆಗೆ ಬನ್ನಿ. ಶಾಲೆಯ ಮುಂದೊಂದು, ದೇವಸ್ಥಾನದ ಮುಂದೊಂದು, ಯಾರೋ ಪ್ರಭಾವಿಗಳ ಮನೆಯ ಮುಂದೊಂದು ಹಂಪು. ಮೊಳದಗಲ, ಗೇಣೆತ್ತರ. ಬಣ್ಣವೂ ಇರುವುದಿಲ್ಲ.

ಇದೇ ಬೀದಿಗಳ ಮನೆಗಳಲ್ಲಿ ಪೋಲೋ ಜಿಟಿಗಳು, ಆಕ್ಟೇವಿಯಾ ಆರ್‌ಎಸ್‌ಗಳು, ಅಬಾರ್ತ್ ಪುಂಟೊಗಳು, ವರ್ಟಸ್ ಜಿಟಿಗಳು ನಿಂತಿರುತ್ತವೆ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ ಬೆಂಗಳೂರಿನ ಹುಡುಗರಿಗೆ ಹಿಡಿಸಿದ ರುಚಿ ಇನ್ನೂ ಬಿಟ್ಟಿಲ್ಲ. 2022ರಲ್ಲಿ ಕಂಪನಿ ಇಲ್ಲಿ ಪೋಲೋ ತಯಾರಿಕೆ ನಿಲ್ಲಿಸಿದ ಮೇಲಂತೂ ಇದ್ದವರು ಮಾರಲು ಒಪ್ಪದೆ ಜತನದಿಂದ ಇಟ್ಟುಕೊಂಡಿದ್ದಾರೆ. ಮೊದಲು ಎಂಜಿನ್ ರೀಮ್ಯಾಪ್ ಆಗುತ್ತದೆ, ಆಮೇಲೆ ಟೈರು. ಕೊನೆಗೆ ಒಂದು ದಿನ ಕನಕಪುರ ರಸ್ತೆಯ ತಿರುವಿನಲ್ಲಿ ಗಾಡಿ ವಾಲುವುದು ಗಮನಕ್ಕೆ ಬರುತ್ತದೆ. ಆಗ ಅವರು ಜೆ.ಪಿ. ನಗರದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟಿಗೋ, ಬಿಟಿಎಂ ಲೇಔಟಿನ ಆಚೆಯ ಗ್ಯಾರೇಜಿಗೋ, ಬನಶಂಕರಿಯ ಅಲೈನ್‌ಮೆಂಟ್ ಅಂಗಡಿಗೋ ಬರುತ್ತಾರೆ. ಸಸ್ಪೆನ್ಷನ್ ಆರಿಸಿ, ಕೂರಿಸಿ, ಹದಕ್ಕೆ ತರುವ ಕಸುಬು ನಡೆಯುವುದು ಇಂಥ ಕಡೆಗಳಲ್ಲಿ. ಎಂಜಿನ್ ಟ್ಯೂನ್ ಮಾಡುವವರಿಗೆ ಸಿಗುವ ಹೆಸರು ಇವರಿಗೆ ಸಿಕ್ಕಿಲ್ಲ. ಸಿಗಬೇಕಿತ್ತು.

ಒಳ್ಳೆಯ ಮೇಸ್ತ್ರಿ ಯಾವ ಬ್ರ್ಯಾಂಡ್ ಬೇಕು ಎಂದು ಮೊದಲು ಕೇಳುವುದಿಲ್ಲ. ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ, ಮನೆಯ ರ‍್ಯಾಂಪ್ ಎಷ್ಟು ಕಡಿದಾಗಿದೆ ಎಂದು ಕೇಳುತ್ತಾನೆ. ಆಮೇಲೆ ಗಾಡಿಯನ್ನು ಲಿಫ್ಟಿಗೆ ಏರಿಸಿ, ಉದ್ದನೆಯ ಸರಳು ಹಿಡಿದು ಕಂಟ್ರೋಲ್ ಆರ್ಮಿನ ಬುಷ್, ಲಿಂಕ್ ರಾಡ್, ಟಾಪ್ ಮೌಂಟ್ ಒಂದೊಂದನ್ನೂ ಅಲ್ಲಾಡಿಸಿ ನೋಡುತ್ತಾನೆ. ಎಷ್ಟೋ ಸಲ ಹೊಸ ಕಿಟ್ಟಿನ ಅಗತ್ಯವೇ ಇರುವುದಿಲ್ಲ. ಸವೆದ ಬುಷ್ ಬದಲಿಸಿ ಒಂದು ಜೊತೆ ಹೊಸ ಶಾಕ್ ಹಾಕಿದರೆ ಗಾಡಿ ಮೊದಲಿನ ಹಾಗಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಗ್ಯಾರೇಜನ್ನು ಧಾರಾಳವಾಗಿ ನಂಬಬಹುದು.

ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಪಿಸ್ಟನ್ನಿನ ಸಣ್ಣ ಕಿಂಡಿಗಳಲ್ಲಿ ಎಣ್ಣೆಯನ್ನು ನುಗ್ಗಿಸಿ ಚಲನೆಯನ್ನು ಶಾಖವಾಗಿ ಪರಿವರ್ತಿಸುವುದು ಶಾಕಿನ ಕೆಲಸ. ಸ್ಪ್ರಿಂಗನ್ನು ಎರಡರಷ್ಟು ಗಟ್ಟಿ ಮಾಡಿದರೆ ಗಾಡಿ ಕುಣಿಯುವ ಆವರ್ತನ ಎರಡರಷ್ಟಾಗದು, ಸುಮಾರು 1.4 ಪಟ್ಟು ಏರುತ್ತದೆ. ಆರಾಮದ ಕಾರಿಗೆ ಸೆಕೆಂಡಿಗೆ ಒಂದರಿಂದ ಒಂದೂವರೆ ಕುಣಿತ, ಚುರುಕಿನ ರಸ್ತೆ ಕಾರಿಗೆ ಒಂದೂವರೆಯಿಂದ ಎರಡು. ಅದಕ್ಕಿಂತ ಮೇಲೆ ಹೋದರೆ ಟ್ರ್ಯಾಕಿನಲ್ಲಿ ಸರಿ, ಬನ್ನೇರುಘಟ್ಟ ರಸ್ತೆಯಲ್ಲಿ ಸೊಂಟಕ್ಕೆ ಪೆಟ್ಟು. ಹೀಗೆ ಗಟ್ಟಿ ಮಾಡಿದ ಸ್ಪ್ರಿಂಗನ್ನು ಹಳೆಯ ಮೆತ್ತನೆಯ ಶಾಕಿನಿಂದ ಹಿಡಿದಿಡಲಾಗುವುದಿಲ್ಲ. ಬರೀ ಲೋಯರಿಂಗ್ ಸ್ಪ್ರಿಂಗ್ ಹಾಕಿಸಿ ಶಾಕ್ ಹಾಗೇ ಬಿಟ್ಟ ಗಾಡಿಗಳು ಕೆಲವೇ ತಿಂಗಳಲ್ಲಿ ಎಣ್ಣೆ ಸೋರಿಸಿಕೊಂಡು ವಾಪಸ್ ಬರುವುದು ಇದೇ ಕಾರಣಕ್ಕೆ.

ಜರ್ಮನಿಯ ಬಿಲ್‌ಸ್ಟೈನ್ ಕಂಪನಿಯ ಶ್ರೇಣಿ ನೋಡಿದರೆ ಆಯ್ಕೆಯ ದಾರಿ ಸ್ಪಷ್ಟವಾಗುತ್ತದೆ. ಬಿ4 ಮೂಲ ಶಾಕಿಗೆ ಬದಲಿ. ಬಿ6 ಮೂಲ ಎತ್ತರಕ್ಕೇ ಹೊಂದುವ, ಹಿಡಿತ ಹೆಚ್ಚಿರುವ ಶಾಕ್. ಬಿ8 ಗಾಡಿಯನ್ನು ತಗ್ಗಿಸುವ ಸ್ಪ್ರಿಂಗುಗಳಿಗೆಂದೇ ಗಿಡ್ಡವಾಗಿ ಮಾಡಿದ್ದು. ಬಿ14 ಎತ್ತರ ಹೊಂದಿಸಬಹುದಾದ ಕಾಯಿಲೋವರ್, ಬಿ16ರಲ್ಲಿ ಶಾಕಿನ ಬಿಗಿಯನ್ನೂ ಹೊಂದಿಸಬಹುದು. ಇವುಗಳಲ್ಲಿ ಹಲವು ಮೋನೋಟ್ಯೂಬ್ ಜಾತಿಯವು: ಒಂದೇ ಕೊಳವೆಯಲ್ಲಿ ಎಣ್ಣೆ ಮತ್ತು ಒತ್ತಡದ ನೈಟ್ರೋಜನ್, ನಡುವೆ ತೇಲುವ ಪಿಸ್ಟನ್. ಫ್ರಾನ್ಸಿನ ಕ್ರಿಶ್ಚಿಯನ್ ಬೂರ್ಸಿಯೇ ದ ಕಾರ್ಬೊನ್ ರೂಪಿಸಿದ ಈ ವಿನ್ಯಾಸವನ್ನು ಬಿಲ್‌ಸ್ಟೈನ್ 1957ರಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಿಗೆ ತಂದಿತು. ಎಡೆಬಿಡದೆ ಗುಂಡಿ ಹಾರಿಸಿದರೂ ಎಣ್ಣೆ ನೊರೆಯಾಗುವುದಿಲ್ಲ ಎಂಬುದೇ ನಮ್ಮೂರಿಗೆ ಇದರ ದೊಡ್ಡ ಉಪಕಾರ. ಜಪಾನಿನ ಕೆವೈಬಿ, ಹಾಲೆಂಡಿನ ಕೋನಿ, ಸ್ವೀಡನ್ನಿನ ಓಲಿನ್ಸ್ ಕೂಡ ಇಲ್ಲಿ ಕೈಗೆಟಕುತ್ತವೆ. ದಕ್ಷಿಣ ಬೆಂಗಳೂರಿನಲ್ಲಿ ದಿನನಿತ್ಯ ಓಡುವ ಕಾರಿಗೆ ಮೂಲ ಸ್ಪ್ರಿಂಗನ್ನೇ ಉಳಿಸಿಕೊಂಡು ಬಿ6 ಮಾದರಿಯ ಶಾಕ್ ಹಾಕಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿ ತಗ್ಗಿಸಿದರೆ ನೋಡಲು ಚಂದ, ನಿಜ. ಆದರೆ 40 ಮಿಲಿಮೀಟರ್ ತಗ್ಗಿಸಿದಾಗ ಚಕ್ರ ಮೇಲೇರಲು ಇರುವ ಜಾಗದಲ್ಲೂ ಅಷ್ಟೇ ಕಡಿಮೆಯಾಗುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಪೆಟ್ಟು ಬೀಳುವುದು ಚಲನೆಯ ಕೊನೆಗಿರುವ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ.

ಹಿಂದುಮುಂದಿನ ಸ್ಪ್ರಿಂಗುಗಳ ಸಂಬಂಧವೂ ಮುಖ್ಯ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟಾರ್ಸ್‌ಗೆ ಹೋದ ಬ್ರಿಟಿಷ್ ಎಂಜಿನಿಯರ್ ಮೌರಿಸ್ ಓಲಿ 1930ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಎರಡೂವರೆ ಮೀಟರ್ ವೀಲ್‌ಬೇಸಿನ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಉಬ್ಬು ದಾಟುವಾಗ ಹಿಂದಿನ ಚಕ್ರ ಅಲ್ಲಿಗೆ ತಲುಪುವುದು ಮುಂದಿನದಕ್ಕಿಂತ ಸುಮಾರು 0.22 ಸೆಕೆಂಡ್ ತಡವಾಗಿ. ಹಿಂಭಾಗದ ಕುಣಿತ ಕೊಂಚ ಚುರುಕಾಗಿದ್ದರೆ ಅದು ಮುಂಭಾಗದ ಕುಣಿತವನ್ನು ಸರಿಗಟ್ಟುತ್ತದೆ, ಕಾರು ಸಮತಟ್ಟಾಗಿ ಸಾಗುತ್ತದೆ. ಮುಂದಿನದನ್ನಷ್ಟೇ ಗಟ್ಟಿ ಮಾಡಿಸಿದರೆ ಗಾಡಿ ಮೂಗು ಎತ್ತಿ ಇಳಿಸುತ್ತಾ ಹೋಗುತ್ತದೆ. ಹಿಂದೆ ಕೂತವರಿಗೆ ಹೊಟ್ಟೆ ತೊಳೆಸುತ್ತದೆ.

ಈ ಕಸುಬಿನ ಕೈಚಳಕ ಕಾಣಬೇಕಾದರೆ ಸ್ಟ್ರಟ್ ಬದಲಿಸುವ ಹೊತ್ತಿಗೆ ಲಿಫ್ಟಿನ ಪಕ್ಕ ನಿಲ್ಲಬೇಕು. ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್ಟೇ ಇಂದಿಗೂ ಇಂಥ ಹೆಚ್ಚಿನ ಕಾರುಗಳ ಮುಂದಿನ ಕಾಲು. ಅದನ್ನು ಹೊರತೆಗೆದು ಕಂಪ್ರೆಸರಿನಲ್ಲಿ ಸಿಕ್ಕಿಸಿ ಸ್ಪ್ರಿಂಗನ್ನು ಎರಡೂ ಕಡೆ ಸಮನಾಗಿ ಅದುಮುತ್ತಾರೆ. ಆ ಕ್ಷಣ ಸ್ಪ್ರಿಂಗಿನೆದುರು ಯಾರೂ ಮುಖ ಒಡ್ಡುವುದಿಲ್ಲ. ಜಾರಿದರೆ ಜೀವಕ್ಕೇ ಅಪಾಯ. ಮೇಲಿನ ನಟ್ಟನ್ನು ಕೈಸ್ಪ್ಯಾನರಿನಲ್ಲೇ ಬಿಗಿಯುತ್ತಾರೆ, ಇಂಪ್ಯಾಕ್ಟ್ ಗನ್ ಹಿಡಿದರೆ ಶಾಕಿನ ದಂಡ ಗಿರಗಿರ ತಿರುಗಿ ಒಳಗಿನ ಸೀಲ್ ಹಾಳಾಗುತ್ತದೆ. ಇನ್ನೊಂದು ಹಂತವನ್ನು ಅವಸರದ ಗ್ಯಾರೇಜುಗಳು ಬಿಟ್ಟುಬಿಡುತ್ತವೆ. ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದರೆ, ನೆಲಕ್ಕಿಳಿದ ಮೇಲೆ ರಬ್ಬರ್ ಬುಷ್ ಹಿಂಡಿದ ಬಟ್ಟೆಯಂತೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಲ್ಲವರು ಬೋಲ್ಟನ್ನು ಸಡಿಲವಾಗಿ ಇಟ್ಟು, ಚಕ್ರಗಳ ಮೇಲೆ ಗಾಡಿಯ ಭಾರ ಬಂದ ಮೇಲೆ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಡುತ್ತಾರೆ.

ಕಾಯಿಲೋವರ್ ಆಗಿದ್ದರೆ ಟೇಪು ಹೊರಬರುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಅಳತೆ, ಓಡಿಸುವವರನ್ನು ಸೀಟಿನಲ್ಲಿ ಕೂರಿಸಿಕೊಂಡೇ. ಆಮೇಲೆ ಶಾಕಿನ ಬಿಗಿ ಹೊಂದಿಸುವ ಕ್ಲಿಕ್ಕುಗಳ ಸರದಿ. ಗುಬಟನ್ನು ಅತಿ ಬಿಗಿಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅದೇ ರಸ್ತೆ. ಹಂಪಿಗೆ ಮೊದಲು ಬಳಿದಿರುವ ಆ ಬಿಳಿಯ ರಂಬಲ್ ಪಟ್ಟಿಗಳೇ ಒಳ್ಳೆಯ ಪರೀಕ್ಷೆ. ರೀಬೌಂಡ್, ಅಂದರೆ ಶಾಕ್ ಮತ್ತೆ ಹಿಗ್ಗುವಾಗಿನ ತಡೆ, ಅತಿ ಬಿಗಿಯಾಗಿದ್ದರೆ ಒಂದು ಪಟ್ಟಿಯಿಂದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬರುತ್ತದೆ, ಗಾಡಿ ಪಟ್ಟಿಯಿಂದ ಪಟ್ಟಿಗೆ ಕುಸಿಯುತ್ತಾ ಹೋಗಿ ಕಲ್ಲಿನಂತಾಗುತ್ತದೆ. ಎಷ್ಟೋ ಜನ ಇದನ್ನು ಸ್ಪ್ರಿಂಗ್ ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಎರಡು ಕ್ಲಿಕ್ ಸಡಿಲಿಸಿದರೆ ಬೇರೆಯದೇ ಕಾರು. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು ಹತ್ತು ಕಿ.ಮೀ. ಉದ್ದದ, 2010ರಲ್ಲಿ ತೆರೆದ ಮೇಲ್ಸೇತುವೆಯ ಜಾಯಿಂಟುಗಳೂ ಹೀಗೇ ನಿಜ ನುಡಿಯುತ್ತವೆ. ಒಂದು ಸಲ ‘ದಬ್’ ಎಂದು ಅಲ್ಲಿಗೇ ನಿಂತರೆ ಸರಿ, ಮೂರು ಸಲ ತೊನೆದಾಡಿದರೆ ಶಾಕಿಗೆ ಇನ್ನಷ್ಟು ಬಿಗಿ ಬೇಕು.

ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆಯನ್ನು ಬಿಡಿಸಲು ನಮ್ಮ ರ‍್ಯಾಲಿಗಳನ್ನು ತೋರಿಸಿದರೆ ಸಾಕು. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತೂ ನಡೆದ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳು, ಇಲ್ಲೆಲ್ಲ ಗೆಲ್ಲುವ ಕಾರುಗಳ ಚಕ್ರಗಳಿಗೆ ಮೇಲೆ ಕೆಳಗೆ ಆಡಲು ಧಾರಾಳ ಜಾಗವಿರುತ್ತದೆ, ಸ್ಪ್ರಿಂಗುಗಳು ರೇಸ್ ಕಾರಿಗಿಂತ ಮೆತ್ತಗಿರುತ್ತವೆ. ನೆಲ ಬಿಡದ ಟೈರಿಗಷ್ಟೇ ಹಿಡಿತ. ನಮ್ಮ ಬಡಾವಣೆಗಳ ರಸ್ತೆ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗಿಂತ ಆ ತೋಟದ ದಾರಿಗೇ ಹತ್ತಿರ.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಏನು ಹಾಕಿಸಿದ್ದೀರಿ ಎಂಬುದನ್ನು ವಿಮಾ ಕಂಪನಿಗೆ ಬರೆದು ತಿಳಿಸುವುದು ಕ್ಷೇಮ. ಸ್ಪ್ರಿಂಗಿನ ಸುತ್ತು ಕತ್ತರಿಸಿ ಗಾಡಿ ತಗ್ಗಿಸುವವರ ಬಳಿಗಂತೂ ಹೋಗಲೇಬೇಡಿ. ಕತ್ತರಿಸಿದ ಸ್ಪ್ರಿಂಗ್ ಸೀಟಿನಲ್ಲಿ ಸರಿಯಾಗಿ ಕೂರದು, ಗುಂಡಿಯಲ್ಲಿ ಜಾಗ ತಪ್ಪಿದರೆ ಸ್ಟಿಯರಿಂಗ್ ಕೈಗೆ ಸಿಗದು.

ಹೊಸದಾಗಿ ಹಾಕಿಸಿದವರು ಕೆಲವು ನೂರು ಕಿ.ಮೀ. ಓಡಿಸಿ, ಸ್ಪ್ರಿಂಗು ಕೂತ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಬೇಕು. ಎತ್ತರ ಬದಲಾದಾಗ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಬದಲಾಗುತ್ತದೆ, ನಿರ್ಲಕ್ಷಿಸಿದರೆ ಹೊಸ ಟೈರಿನ ಒಳಅಂಚು ಸದ್ದಿಲ್ಲದೆ ಸವೆಯುತ್ತದೆ. ಕೆಲಸಕ್ಕೆ ಮೊದಲಿನದೂ ಆಮೇಲಿನದೂ ಎರಡೂ ಅಲೈನ್‌ಮೆಂಟ್ ಪ್ರಿಂಟುಗಳನ್ನು ಕೇಳಿ ಪಡೆಯಿರಿ, ಕ್ಲಿಕ್ಕಿನ ಎಣಿಕೆಯನ್ನು ಅದರ ಹಿಂದೆಯೇ ಬರೆಸಿಕೊಳ್ಳಿ. ಬಿಚ್ಚಿದ ಮೂಲ ಸ್ಪ್ರಿಂಗುಗಳನ್ನೂ ಸ್ಥಿತಿ ಚೆನ್ನಾಗಿದ್ದರೆ ಶಾಕುಗಳನ್ನೂ ಗುಜರಿಗೆ ಕೊಡದೆ ಮನೆಗೆ ತನ್ನಿ. ನಾಳೆ ಗಾಡಿ ಮಾರುವಾಗ ಬೇಕಾಗುತ್ತವೆ.